ಹರಿಯದೆ ಉಳಿದ ಚೀಟಿ

“ನನ್ನ ಕಣ್ಣ ಮುಂದ ನಿಂತು ನನ್ನ ಗಂಡನ್ನ ಕೊಂದಿ. ನಕ್ಕೋತ, ಮಾತಾಡಿಸ್ಕೋತ ಕೊಂದಿ. ನಿನ್ನ ಕೈಗೆ ಹುಳಾ ಬೀಳಲಿ.”

“ಚಾಚಿ, ನಾ ಏನೂ ಒತ್ತಿಲ್ರಿ. ಖುದಾನ ಆಣಿ.”

“ಆಣಿ ಬ್ಯಾರೆ ಮಾಡ್ತಿ? ಫೋನ್ ಯಾರ ಕೈಯಾಗಿತ್ತು? ನನ್ನ ಕೈಯಾಗಿತ್ತೇನು?”

ನನ್ನ ಹಳೆಯ ಓಮ್ನಿ ಕಾರ್ಖಾನೆಯ ಗೇಟಿನ ಮುಂದೆ ನಿಂತಾಗ ಬಾನುಬಿ ಆ ಹುಡುಗಿಯ ದುಪಟ್ಟಾ ಹಿಡಿದು ಜಗ್ಗುತ್ತಿದ್ದಳು. ಹತ್ತಿಪ್ಪತ್ತು ಹಮಾಲರು ಸುತ್ತ ನಿಂತಿದ್ದರು. ಬಿಡಿಸಲು ಒಬ್ಬನೂ ಮುಂದೆ ಬಂದಿರಲಿಲ್ಲ. ನನಗೆ ರಕ್ತ ತಲೆಗೇರಿತು.

“ಬಿಡವಾ ಆಕಿನ್ನ,” ಎಂದು ಕೂಗಿದೆ.

“ನೀ ಯಾಂವ ಕೇಳಾಕ? ಗಂಡನ್ನ ಕಳಕೊಂಡಾಕಿ ನಾನು.”

ನಾನು ಇನ್ನೂ ಏನೋ ಅನ್ನುತ್ತಿದ್ದೆ. ಪದ್ಮಜಾಬಾಯಿಯವರು ಹಿಂದಿನಿಂದ ನನ್ನ ತೋಳು ಹಿಡಿದರು. “ಹುಲಗೇಶ, ನಿನ್ನ ವೈಂಡಿಂಗ್ ಭಾಳ ಲಗೂನ ಕಾಯ್ತದ. ಸುಮ್ನಿರು.” ಆಮೇಲೆ ಬಾನುಬಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದರು. “ಬಾನುಬಿ, ನಿಮ್ಮ ಮನೆಯವರನ್ನ ಯಾರು ಕೊಂದ್ರು ಅಂತ ನೋಡ್ಲಿಕ್ಕೇ ನಾ ಬಂದೇನಿ. ಮಧ್ಯಾಹ್ನದ ತನಕಾ ಟೈಮ್ ಕೊಡ್ರಿ.”

ದುಪಟ್ಟಾ ಬಾನುಬಿಯ ಕೈಯಿಂದ ಜಾರಿತು.

ಸವಣೂರಿನಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆ. ಪದ್ಮಜಾಬಾಯಿಯವರು ಅದೇ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಸುತ್ತಿನ ನಾಲ್ಕು ತಾಲೂಕಿನಲ್ಲಿ ಬಿಡಿಸಲಾಗದ ಗಂಟು ಬಿದ್ದರೆ ಜನ ಅವರ ಕಟ್ಟೆಗೆ ಬರುತ್ತಾರೆ. ಅವರು ಹೊರಟರೆ ಗಾಡಿ ಹೊಡೆಯುವವನು ನಾನು. ಅವತ್ತು ಬೆಳಗ್ಗೆ ಬಂದವನು ಉಸ್ಮಾನಸಾಬ. ಹಿಂದೆ ಬಾಯಿಯವರ ಕೈಕೆಳಗೆ ಲೈನ್‌ಮನ್ ಆಗಿದ್ದವನು. ಕಟ್ಟೆಯ ಮೇಲೂ ಕೂಡದೆ ಕೆಳಗೆ ನಿಂತು ಹೇಳಿದ್ದ. “ಇವತ್ತು ಎರಡು ಗಂಟೆಗೆ ಫೌಜದಾರ ಬಂದು ನನ್ನ ಮಗಳನ್ನ ಒಯ್ತಾರಂತ್ರಿ ಬಾಯಾರ. ಕೊಲಿ ಕೇಸು. ಆಕಿ ಇರಿವಿ ತುಳಿಯಾಕ ಅಂಜಾಕಿ.”

ಆ ಮಗಳೇ ಫರ್ಹತ. ಹಂಸಭಾವಿ ರಸ್ತೆಯ ಈ ಗೋವಿನಜೋಳದ ಕಾರ್ಖಾನೆಯಲ್ಲಿ ಯಂತ್ರ ನಡೆಸುವವಳು. ಮೂರು ದಿನದ ಹಿಂದೆ ಇಲ್ಲಿ ದಾದಾಪೀರ ಎಂಬ ಹಳೆಯ ಕೆಲಸಗಾರ ಸತ್ತಿದ್ದ. ಕಣಜದ ಕೆಳಗೆ ಆಳೆತ್ತರದ ಕುಣಿ ಇದೆ. ಅದರೊಳಗೆ ಕಾಳನ್ನು ಮೇಲಕ್ಕೆ ತಳ್ಳುವ ಉದ್ದನೆಯ ಉಕ್ಕಿನ ಸುರುಳಿ. ಎಲ್ಲರೂ ಅದನ್ನು ಸ್ಕ್ರೂ ಅನ್ನುತ್ತಾರೆ. ಹಸಿ ಕಾಳು ಕಟ್ಟಿಕೊಂಡಿತ್ತೆಂದು ದಾದಾಪೀರ ಕುಣಿಗಿಳಿದು ಕೈಯಿಂದ ಬಿಡಿಸುತ್ತಿದ್ದ. ಹನ್ನೊಂದು ನಲವತ್ತಕ್ಕೆ ಸ್ಕ್ರೂ ತಿರುಗಿತು. ಉಳಿದದ್ದನ್ನು ನಾನು ಬರೆಯುವುದಿಲ್ಲ.

ಆಫೀಸಿನ ಯಂತ್ರದ ದಾಖಲೆಯಲ್ಲಿ ಒಂದೇ ಸಾಲಿತ್ತು: ಸ್ಕ್ರೂ ಚಾಲು, ಫರ್ಹತ, ಹನ್ನೊಂದು ನಲವತ್ತು. ಅದೇ ಹೊತ್ತಿಗೆ ಫರ್ಹತ ಗೇಟಿನಲ್ಲಿ ನಿಂತು, ಗಂಡನಿಗೆ ಬುತ್ತಿ ತಂದ ಬಾನುಬಿಯ ಜೊತೆ ಮಾತಾಡುತ್ತಿದ್ದಳು. ಆದರೆ ಕೈಯಲ್ಲಿ ಫೋನ್ ಇತ್ತು. ಫೋನಿನಿಂದಲೂ ಸ್ಕ್ರೂ ಚಾಲು ಮಾಡಬಹುದಿತ್ತು. ಸಾಲದ್ದಕ್ಕೆ ಹಿಂದಿನ ದಿನವೇ ಅವಳು ಎಲ್ಲರೆದುರು ದಾದಾಪೀರನಿಗೆ, “ಒಂದಿನ ಇದರಾಗ ಸಾಯ್ತೀರಿ ಚಾಚಾ,” ಅಂದಿದ್ದಳು.

“ಯಾಕ ಹಂಗಂದಿ?” ಎಂದು ಬಾಯಿಯವರು ಕೇಳಿದರು. ನಾವು ಆಫೀಸಿನಲ್ಲಿ ಕುಳಿತಿದ್ದೆವು.

“ಮೇನ್ ಸ್ವಿಚ್ ಇಳಿಸಿ ಕುಣಿಯಾಗ ಇಳೀರಿ ಅಂತ ದಿನಾ ಜಗಳಾ ಮಾಡ್ತಿದ್ದೆ ರಿ. ಕೇಳ್ತಿರಲಿಲ್ಲ. ಮೇನ್ ಇಳಿಸಿದ್ರ ಈ ಡಬ್ಬಿ ಎಲ್ಲಾ ಮೋಟಾರನ್ನೂ ಮತ್ತ ಹುಡುಕಬೇಕು. ಕಾಲು ತಾಸು ಹಿಡೀತೈತಿ. ಸುಗ್ಗಿಯೊಳಗ ಲಾರಿ ಸಾಲು ನಿಂತಿರ್ತಾವ. ಅದಕ್ಕ ಚಾಚಾ ಸ್ಟಾರ್ಟರಿನ ಹಿಡಿಕಿಗೆ ತಮ್ಮ ಕೆಂಪು ಟವೆಲ್ ಕಟ್ಟತಿದ್ರು. ಮ್ಯಾಲಿಂದ ಟವೆಲ್ ಕಂಡ್ರ ಒಳಗ ಮನುಷ್ಯಾ ಅದಾನ ಅಂತ ಲೆಕ್ಕ. ಯಾರೂ ಮುಟ್ಟತಿರಲಿಲ್ಲ.”

ಮೇಜಿನ ಮೇಲಿದ್ದ ಬಿಳಿ ಡಬ್ಬಿಯನ್ನು ಅವಳು ತೋರಿಸಿದಳು. ಊಟದ ಡಬ್ಬಿಯಷ್ಟು ದೊಡ್ಡದು. ಪ್ರತಿ ಮೋಟಾರಿಗೂ ಮುಷ್ಟಿಯಷ್ಟರ ಒಂದು ಸಣ್ಣ ಪೆಟ್ಟಿಗೆ ಕೂಡಿಸಿದ್ದಾರೆ. ಪರದೆಯ ಮೇಲೆ ‘ಚಾಲು’ ಒತ್ತಿದರೆ ಈ ಡಬ್ಬಿ ಮೊದಲು ತಂತಿಯಿಲ್ಲದೆ ಆ ಪೆಟ್ಟಿಗೆಯನ್ನು ಕರೆಯುತ್ತದೆ. ‘ಇದ್ದೇನೆ’ ಎಂಬ ಉತ್ತರ ಬಂದ ಮೇಲೆ ಅಪ್ಪಣೆ ಹೋಗುತ್ತದೆ.

“ಆವತ್ತು ಮುಂಜಾನೆ ಏನೇನು ಮಾಡಿದಿ, ಹಂಗ ಮಾಡಿ ತೋರಿಸು. ಒಂದೂ ಬಿಡಬ್ಯಾಡ.”

ಫರ್ಹತ ಪರದೆ ತೆರೆದು, ಹೇಳುತ್ತ ಹೋದಂತೆ ಒಂದೊಂದನ್ನೂ ಒತ್ತಿ ತೋರಿಸಿದಳು. “ಹನ್ನೊಂದೂವರಿಗೆ ಹಿಂದಿನ ಶೆಡ್ಡಿನ ಫ್ಯಾನಿಗೆ ಚಾಲು ಒತ್ತಿದೆ ರಿ. ಅದು ಹಳೇ ಬಾವಿಯ ಲೈನಿನ ಮ್ಯಾಲ ಐತಿ, ಕರೆಂಟ್ ಯಾವಾಗ ಬರ್ತೈತಿ ಹೇಳಾಕ ಬರೂದಿಲ್ಲ. ನೋಡ್ರಿ, ಈಗೂ ಇಲ್ಲ. ಹಿಂಗ ಚಕ್ರ ತಿರುಗಿಕೋತ ಕುಂತಿತು. ನಾ ಪರದೆ ಮುಚ್ಚಿದೆ. ಅಷ್ಟ್ರಾಗ ಚಾಚಾ ಕುಣಿಗೆ ಇಳೀತೇನಿ ಅಂದ್ರು. ಅದಕ್ಕ ಸ್ಕ್ರೂ ಖರೇನ ಬಂದ್ ಐತೋ ಇಲ್ಲೋ ಅಂತ ಅದರ ಪರದೆ ತಗದು ನೋಡಿದೆ. ಬಂದ್ ಇತ್ತು. ಹಂಗ ಬಿಟ್ಟು ಗೇಟಿಗೆ ಹೋದೆ.”

“ಮುಂದ ಏನೂ ಒತ್ತಲಿಲ್ಲ?”

“ಇಲ್ರಿ.”

ಬಾಯಿಯವರು ಪರದೆಯನ್ನು ಹಾಗೆಯೇ ಬಿಡಲು ಹೇಳಿ, ಅವಳ ಫೋನನ್ನೂ ಮೇಜಿನ ಮೇಲಿಡಿಸಿ, ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಹಮಾಲರ ಮುಖಂಡ ಸಿರಾಜುದ್ದೀನ ಕಣಜದಿಂದ ಐವತ್ತು ಮಾರು ದೂರ ನಿಂತು ಬೀಡಿ ಸೇದುತ್ತಿದ್ದ. ಹತ್ತಿರ ಬಾ ಅಂದರೆ ಬರಲೊಲ್ಲ.

“ಅದು ತಾನ ತಿರುಗತೈತ್ರಿ,” ಎಂದ. “ಮೊದಲೂ ಎರಡು ಸಲ ಆಗೇತಿ. ಟವೆಲ್ ಇಲ್ಲ, ಮನುಷ್ಯಾ ಇಲ್ಲ, ಎಲ್ಲಾರೂ ಚಾ ಕುಡ್ಯಾಕ ಕುಂತೇವಿ, ಗರ್ರ್ ಅಂತು. ನಾವು ಮಂದಿ ಬಾಯಿಗೆ ನಗಿಪಾಟಲ ಆಗಬಾರದಂತ ಸುಮ್ನಿದ್ವಿ. ಈಗ ಯಾರೂ ಒಳಗ ಕಾಲಿಡೂದಿಲ್ಲ.”

“ಯಾವಾಗಿಂದ ಹಂಗ?”

“ತಿಂಗಳಾತು. ಮೊದಲು ಆ ಡಬ್ಬಿ ನಾಕು ದಿನಕ್ಕೊಮ್ಮೆ ಗಪ್ಪಂತ ನಿಲ್ಲತಿತ್ತು, ಬಂದ್ ಮಾಡಿ ಚಾಲು ಮಾಡಬೇಕಿತ್ತು. ಸಾಹುಕಾರ್ರು ಸುಮನ್‌ಗ ಬೈದ್ರು. ಅದನ್ನ ಮಾಡಿ ಕೊಟ್ಟಾಂವ ಅಂವನ, ಶಿಗ್ಗಾಂವದಾಂವ. ಬಂದು ಏನೋ ರಿಪೇರಿ ಮಾಡಿದ. ಆಮ್ಯಾಲ ಒಮ್ಮಿನೂ ನಿಂತಿಲ್ಲ, ಅದೊಂದು ಹೇಳಬೇಕು. ಆದ್ರ ಮನುಷ್ಯಾ ಕಲ್ಲೆದಿಯಾಂವ. ದಾದಾಪೀರಗ ಸ್ಕ್ರೂ ಬಡೀತು, ಓಡಿ ಬಾ ಅಂತ ನಾನ ಫೋನ್ ಮಾಡಿದೆ. ‘ಹಿಂದಿನ ಫ್ಯಾನಿಗೆ ಕರೆಂಟ್ ಬಂದಿತ್ತೇನು?’ ಅಂತ ಕೇಳ್ದ. ಇಲ್ಲಿ ಮನುಷ್ಯಾ ಸತ್ತಾನ, ಇಂವಗ ಫ್ಯಾನಿನ ಚಿಂತಿ. ತಾಸಿನಾಗ ಬಂದ, ಡಬ್ಬಿ ಒಯ್ತೇನಿ ಅಂದ. ಪೊಲೀಸರು ನೋಡೂತನಕಾ ಮುಟ್ಟಬ್ಯಾಡ್ರಿ ಅಂತ ಫರ್ಹತನ ಅಡ್ಡ ನಿಂತಳು.”

ಬಾಯಿಯವರು ನನ್ನ ಕಡೆ ತಿರುಗಿದರು. “ಹುಲಗೇಶ, ನೀ ಕುಣಿಯೊಳಗ ಇಳೀಬೇಕಲ್ಲಪಾ.”

“ಯಾಕ್ರಿ?”

“ಟವೆಲ್ಲಿನ ಗಂಟು ನೋಡ್ಲಿಕ್ಕೆ. ಸ್ಟಾರ್ಟರ್ ಕುಣಿಯ ಗ್ವಾಡಿಗೇ ಅದ. ಆದ್ರ ಮೊದಲು ಮೋಟಾರಿನ ಮೂರೂ ಫ್ಯೂಜ್ ಕಿತ್ತು ನಿನ್ನ ಕಿಸೆದಾಗ ಇಟ್ಕೋ. ಬ್ಯಾರೆಯವರ ಕೈಯಾಗ ಕೊಡಬ್ಯಾಡ. ನನಗೂ ಕೊಡಬ್ಯಾಡ.”

ನಾನು ಇಪ್ಪತ್ತೈದು ವರ್ಷ ಮೋಟಾರುಗಳ ಹೊಟ್ಟೆ ಬಗೆದವನು. ಆದರೂ ಆ ಕಬ್ಬಿಣದ ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಇಳಿದೆ. ಕೆಳಗೆ ಗೋವಿನಜೋಳ ಹುಳಿತ ವಾಸನೆ. ಅದರ ಜೊತೆ ಇನ್ನೊಂದು ವಾಸನೆ, ತೊಳೆದರೂ ಹೋಗದ್ದು. ಸುರುಳಿಯ ಅಂಚು ನನ್ನ ಮೊಣಕಾಲಿಗೆ ಗೇಣಿನಷ್ಟು ದೂರ. ಕಿಸೆಯಲ್ಲಿ ಫ್ಯೂಜುಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿದೆ. ಒಂದು, ಎರಡು, ಮೂರು.

ಕೆಂಪು ಟವೆಲ್ ಸ್ಟಾರ್ಟರಿನ ಹಿಡಿಕೆಗೆ ಕಟ್ಟಿದಂತೆಯೇ ಇತ್ತು. ಬಿಗಿಯಾದ ಎರಡು ಗಂಟು. ಅದನ್ನು ಬಿಚ್ಚದೆ ಹಿಡಿಕೆ ಎತ್ತಲು ಸಾಧ್ಯವಿರಲಿಲ್ಲ. ಅಂದರೆ ಇಲ್ಲಿ ಯಾರೂ ಕೈ ಹಾಕಿಲ್ಲ. ಅದನ್ನು ಕೂಗಿ ಹೇಳಬೇಕೆಂದು ಬಾಯಿ ತೆರೆದೆ.

ಟಕ್.

ನನ್ನ ಮುಖದಿಂದ ಗೇಣು ದೂರದಲ್ಲಿ ಸ್ಟಾರ್ಟರಿನ ಕಾಯ್ಲು ಎಳೆದುಕೊಂಡಿತು. ಆ ಸಪ್ಪಳ ನನಗೆ ನನ್ನ ಹೆಸರಿನಷ್ಟು ಪರಿಚಯ. ಮೋಟಾರಿಗೆ ‘ತಿರುಗು’ ಎಂದು ಅಪ್ಪಣೆಯಾದ ಸಪ್ಪಳ ಅದು. ಡಬ್ಬಿಯ ಅಪ್ಪಣೆ ಹಿಡಿಕೆಯನ್ನು ಮುಟ್ಟದೆ ನೇರ ಕಾಯ್ಲಿಗೇ ಹೋಗುತ್ತದೆ, ಕಾಯ್ಲಿಗೆ ಬೇರೆ ವೈರಿನಿಂದ ಕರೆಂಟ್ ಬರುತ್ತದೆ. ಫ್ಯೂಜ್ ಕಿಸೆಯಲ್ಲಿದ್ದುದರಿಂದ ಮೋಟಾರ್ ತಿರುಗಲಿಲ್ಲ, ಅಷ್ಟೇ. ಇಲ್ಲದಿದ್ದರೆ ಈ ಕತೆ ಬರೆಯಲು ನಾನು ಇರುತ್ತಿರಲಿಲ್ಲ.

ಹೇಗೆ ಮೇಲೆ ಬಂದೆನೋ ನೆನಪಿಲ್ಲ. ಎರಡೂ ಮೊಣಕೈ ಸುಲಿದಿದ್ದವು. “ಯಾವ ಸೂಳೆಮಗ ಒತ್ತಿದಾಂವ?” ಎಂದು ಒದರಿದೆ.

“ಯಾರೂ ಒತ್ತಿಲ್ಲ,” ಎಂದರು ಬಾಯಿಯವರು. ಅವರ ಮುಖ ಸುಣ್ಣದಂತಾಗಿತ್ತು. ಸೊಂಟದ ಕೀಲಿ ತೆಗೆದು ತೋರಿಸಿದರು. “ಆಫೀಸಿಗೆ ಬೀಗ ಅದ. ಫರ್ಹತ ನನ್ನ ಬಾಜೂಕನ ನಿಂತಾಳ. ಅಲ್ಲಿ ನೋಡು.”

ಅವರು ತೋರಿಸಿದ್ದು ಹಿಂದಿನ ಶೆಡ್ಡನ್ನು. ಬಾಗಿಲ ಮೇಲಿನ ಕೆಂಪು ದೀಪ ಆಗ ತಾನೇ ಹತ್ತಿತ್ತು. ಹಳೆಯ ಬಾವಿಯ ಲೈನಿಗೆ ಕರೆಂಟ್ ಬಂದಿತ್ತು.

“ಹಿಂಗಾಗ್ತದಂತ ಗೊತ್ತಿದ್ದೂ ನನ್ನ ಇಳಿಸಿದ್ರಾ?”

“ಗೊತ್ತಿರಲಿಲ್ಲ. ಅಂಜಿಕಿ ಇತ್ತು. ಅದಕ್ಕ ಫ್ಯೂಜ್ ನಿನ್ನ ಕಿಸೆದಾಗ ಇಡಿಸಿದೆ.” ಸ್ವಲ್ಪ ತಡೆದು ಹೇಳಿದರು. “ನನ್ನ ತಪ್ಪು ಅಂತ ಅನ್ನು, ಅನಿಸ್ಕೋತೇನಿ.”

ನಾನು ಹೋಗಿ ಓಮ್ನಿಯಲ್ಲಿ ಒಬ್ಬನೇ ಕುಳಿತೆ.

ಎರಡು ಗಂಟೆಗೆ ಎಲ್ಲರೂ ಆಫೀಸಿನಲ್ಲಿ ಸೇರಿದರು. ಫೌಜದಾರರು, ಮಾಲೀಕ ವೇದವ್ಯಾಸರಾಯರು, ಬಾನುಬಿ, ಸಿರಾಜುದ್ದೀನ, ಶಿಗ್ಗಾಂವದಿಂದ ಕರೆಸಿದ ಸುಮನ್. ಅವನಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ಮಾತು. ಫರ್ಹತ ಗೋಡೆಗೆ ಒತ್ತಿ ನಿಂತಿದ್ದಳು. ಹೊರಗೆ ಪೊಲೀಸ್ ಜೀಪಿನ ಬಾಗಿಲು ತೆರೆದೇ ಇತ್ತು.

“ಲಗೂನ ಮುಗಸ್ರಿ ಬಾಯಾರ,” ಎಂದರು ಫೌಜದಾರರು. “ದಾಖಲೆದಾಗ ಈಕಿ ಹೆಸರು ಐತಿ. ಮಷಿನ್ ಸುಳ್ಳ ಹೇಳೂದಿಲ್ಲ.”

“ಸುಳ್ಳ ಹೇಳಿಲ್ಲ. ಆದ್ರ ಯಾರಿಗೆ ಹೇಳಿದ್ದು ಯಾರಿಗೆ ಮುಟ್ಟಿತು ಅನ್ನೂದು ದಾಖಲೆದಾಗ ಇಲ್ಲ. ಮೊದಲು ನನ್ನದೊಂದು ತಪ್ಪು ಹೇಳ್ತೇನಿ, ಕೇಳ್ರಿ.”

ಬಾಯಿಯವರು ಆ ಮಾತನ್ನು ಅಲ್ಲಿಯವರೆಗೆ ನನಗೂ ಹೇಳಿರಲಿಲ್ಲ.

“ನಾ ಎಕ್ಸ್‌ಚೇಂಜಿಗೆ ಸೇರಿದ ಹೊಸತು. ಆಗ ದೂರದ ಊರಿಗೆ ಮಾತಾಡಬೇಕಂದ್ರ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಗಿರಾಕಿ ನಂಬರ್ ಹೇಳಿ ಫೋನ್ ಇಡ್ತಿದ್ದ. ನಾವು ಚೀಟಿ ಬರದು ಇಟ್ಕೋತಿದ್ವಿ. ಎರಡು ತಾಸಿಗೋ ನಾಕು ತಾಸಿಗೋ ಲೈನ್ ಸಿಕ್ತಂದ್ರ, ಚೀಟಿ ನೋಡಿ ಆ ನಂಬರಿಗೆ ನಾವು ತಿರುಗಿ ಕರೀತಿದ್ವಿ. ಒಂದಿನ ನಲವತ್ತೇಳನೇ ನಂಬರಿನ ಅಂಗಡಿಯಾಂವ ಪುಣೆಕ್ಕ ಬುಕ್ ಮಾಡಿದ. ಅದ ದಿನ ಮಧ್ಯಾಹ್ನ ಅಂವನ ಫೋನ್ ಕಿತ್ತು ಆ ನಂಬರನ್ನ ಬ್ಯಾರೆ ಒಂದು ಮನಿಗೆ ಕೊಟ್ರು. ನಾ ಚೀಟಿ ಹರೀಲಿಲ್ಲ. ಸಂಜಿಕ ಪುಣೆ ಲೈನ್ ಸಿಕ್ತು. ನಲವತ್ತೇಳಕ್ಕ ಜೋಡಿಸಿದೆ. ಆ ಕಡಿಂದ ಒಬ್ಬಾಂವ, ‘ನಿಮ್ಮ ಹುಡುಗ ಹ್ವಾದ’ ಅಂತ ಹೇಳಿಬಿಟ್ಟ. ಫೋನ್ ಹಿಡದಾಕಿ ಹೊಸಾ ಮನಿಯ ತಾಯಿ. ಆಕಿಗೂ ಒಬ್ಬ ಮಗ ಪುಣೆದಾಗಿದ್ದ. ಆಕಿ ಅಲ್ಲೇ ಬಿದ್ದಳು. ಎದ್ದದ್ದು ಎಂಟು ದಿನಕ್ಕ.”

ಸುಮನ್ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ.

“ಈ ಡಬ್ಬಿಯೊಳಗೂ ನಂಬರ್ ಹಚ್ಚಿದ ಖಾನೆ ಅವ. ಫರ್ಹತ ಫ್ಯಾನಿಗೆ ಚಾಲು ಒತ್ತಿದಾಗ ಫ್ಯಾನಿಗೆ ಒಂದು ಖಾನೆ ಸಿಕ್ತು. ಮೂರನೇದು ಅನ್ರಿ. ಡಬ್ಬಿ ಚೀಟಿ ಬರಕೊಂಡಿತು: ಫ್ಯಾನ್ ಉತ್ತರಾ ಕೊಟ್ಟ ಕೂಡಲೆ ಮೂರನೇ ಖಾನೆಯೊಳಗ ಇದ್ದಾಂವಗ ‘ಚಾಲು’ ಅನ್ನು. ಕರೆಂಟ್ ಇರಲಿಲ್ಲ, ಉತ್ತರ ಬರಲಿಲ್ಲ. ಆಕಿ ಪರದೆ ಮುಚ್ಚಿದಳು. ಖಾನೆ ಖಾಲಿ ಆತು. ಚೀಟಿ ಹಂಗ ಉಳೀತು. ಆಮ್ಯಾಲ ಸ್ಕ್ರೂದ ಪರದೆ ತಗದಳು. ಖಾಲಿ ಇದ್ದ ಮೂರನೇ ಖಾನೆ ಸ್ಕ್ರೂಗ ಹೋತು. ಹನ್ನೊಂದು ನಲವತ್ತಕ್ಕ ಹಿಂದಿನ ಲೈನಿಗೆ ಕರೆಂಟ್ ಬಂತು, ಫ್ಯಾನಿನ ಪೆಟ್ಟಿಗಿ ಎದ್ದು ‘ಇದ್ದೇನಿ’ ಅಂತು. ಡಬ್ಬಿ ಹಳೇ ಚೀಟಿ ನೋಡಿ ಮೂರನೇ ಖಾನೆಗೆ ಚಾಲು ಅಂತು. ಅಲ್ಲಿ ಕುಂತದ್ದು ಸ್ಕ್ರೂ, ಚೀಟಿ ಮ್ಯಾಲ ಇದ್ದ ಹೆಸರು ಫರ್ಹತಂದು. ಇವತ್ತು ಮುಂಜಾನೆ ಆಕಿ ಅದನ್ನ ಮಾಡಿ ತೋರಿಸಿದಳು. ನಾ ಬೀಗಾ ಹಾಕಿದೆ. ಕರೆಂಟ್ ಬಂದ ಗಳಿಗಿಗೆ ಹುಲಗೇಶನ ಮುಖದ ಮುಂದ ಸ್ಟಾರ್ಟರ್ ಟಕ್ ಅಂತು. ಹೌದಲ್ಲೋ?”

“ಹೌದು,” ಎಂದೆ. ಮೊಣಕೈ ಇನ್ನೂ ಉರಿಯುತ್ತಿತ್ತು.

“ಇಷ್ಟಾದ್ರ ಇದು ಮಷಿನ್ನಿನ ತಪ್ಪು,” ಎಂದರು ವೇದವ್ಯಾಸರಾಯರು, ಹಗುರಾದ ದನಿಯಲ್ಲಿ.

“ಇಷ್ಟೇ ಆಗಿದ್ರ ಹೌದು.” ಬಾಯಿಯವರು ಸುಮನ್ ಕಡೆ ತಿರುಗಿದರು. “ತಮ್ಮಾ, ಮೊದಲು ಡಬ್ಬಿ ನಾಕು ದಿನಕ್ಕೊಮ್ಮೆ ಯಾಕ ನಿಲ್ತಿತ್ತು?”

“ಮೆಮೊರಿ ಕಡಿಮಿ ಐತ್ರಿ. ಹುಡುಕೂದು ಮುಗಿಯೂತನಕಾ ಖಾನೆ ಬಿಡ್ತಿರಲಿಲ್ಲ. ತುಂಬಿ ನಿಲ್ತಿತ್ತು.”

“ಅಂದ್ರ ನಿಲ್ತಿತ್ತು, ಆದ್ರ ಕೊಲ್ತಿರಲಿಲ್ಲ. ನೀ ಏನ ಮಾಡಿದಿ?”

“ಪರದೆ ಮುಚ್ಚಿದ ಕೂಡಲೆ ಖಾನೆ ಬಿಡೂಹಂಗ ಮಾಡಿದೆ.”

“ಚೀಟಿ ಹರಿಯೂದು?”

ಸುಮನ್ ನೆಲ ನೋಡಿದ. “ಮರತೆ ರಿ. ನಂಗೂ ಇದು ಇವತ್ತ ತಿಳೀತು.”

“ಮರತಿದ್ದು ಖರೆ ಇರಬಹುದು. ಇವತ್ತ ತಿಳೀತು ಅನ್ನೂದು ಸುಳ್ಳು. ಸ್ಕ್ರೂ ಬಡೀತು ಅಂತ ಸಿರಾಜುದ್ದೀನ ಫೋನ್ ಮಾಡಿದಾಗ ನೀ ಮೊದಲು ಕೇಳಿದ್ದು ಏನು? ಹಿಂದಿನ ಫ್ಯಾನಿಗೆ ಕರೆಂಟ್ ಬಂದಿತ್ತೇನು ಅಂತ. ಫ್ಯಾನಿನ ಹೆಸರು ಆಂವಾ ಎತ್ತಿರಲಿಲ್ಲ. ಫ್ಯಾನಿಗೂ ಸ್ಕ್ರೂಗೂ ನಂಟು ಅದ ಅಂತ ಗೊತ್ತಿದ್ದಾಂವ ಈ ಭೂಮಿ ಮ್ಯಾಲ ಒಬ್ಬನ. ಬಂದಾಂವ ಹೆಣಾ ನೋಡಲಿಲ್ಲ, ಡಬ್ಬಿ ಕೇಳಿದಿ. ಈ ಹುಡುಗಿ ಅಡ್ಡ ನಿಂತಳು. ಮೂರು ದಿನ ಆಕಿನ್ನ ಕೊಲೆಗಡಕಿ ಅಂದ್ರು, ನೀ ಸುಮ್ನ ಕೇಳಿದಿ.”

ಸುಮನ್ ಕರವಸ್ತ್ರವನ್ನು ಮಡಚಿ ಕಿಸೆಗಿಟ್ಟ. “ದಾದಾಪೀರ ಸಾಯೂಕಿಂತ ಎಂಟು ದಿನ ಮೊದಲು ತಿಳೀತ್ರಿ,” ಎಂದ. “ಹಾನಗಲ್ ಮಿಲ್ಲಿನಾಗ ಒಂದು ಮೋಟಾರ್ ತಾನ ಚಾಲು ಆತು ಅಂದ್ರು. ಹೋಗಿ ನೋಡಿದಾಗ ಗೊತ್ತಾತು. ಹೇಳಿದ್ರ ಎಲ್ಲಾರೂ ಡಬ್ಬಿ ವಾಪಸ್ ಕೊಡ್ತಾರ. ಸುಗ್ಗಿ ಮುಗದ ಮ್ಯಾಲ ಸುಮ್ನ ಹೋಗಿ ಸರಿ ಮಾಡೂಣು ಅಂತ...”

“ಇದನ್ನ ಬಿಟ್ಟು ಎಷ್ಟು ಕಡೆ ಅವ?”

“ಹನ್ನೊಂದು.”

ನನಗೆ ಕುಣಿಯ ವಾಸನೆ ಮತ್ತೆ ಮೂಗಿಗೆ ಬಂತು. ಅವನ ಕೊರಳಪಟ್ಟಿ ನನ್ನ ಕೈಗೆ ಯಾವಾಗ ಬಂತೋ ಗೊತ್ತಿಲ್ಲ. “ಹನ್ನೊಂದು ಕುಣಿ ಅದಾವಲೇ, ಹನ್ನೊಂದು. ಈಗ, ಈ ಗಳಿಗ್ಯಾಗ, ಹಾನಗಲ್ಲಿನಾಗ ಯಾವನೋ ಟವೆಲ್ ಕಟ್ಟಿ ಒಳಗ ಇಳದಿರ್ತಾನ.”

ಫೌಜದಾರರು ನನ್ನನ್ನು ಬಿಡಿಸಿದರು. ಆದರೆ ನಿಧಾನವಾಗಿ ಬಿಡಿಸಿದರು. ಆಮೇಲೆ ಸುಮನ್‌ನ ಫೋನನ್ನು ಅವನ ಕೈಗೇ ಕೊಟ್ಟು ಎದುರು ನಿಂತರು. “ಒಂದೊಂದಕ್ಕ ಹಚ್ಚು. ಮೇನ್ ಇಳಿಸ್ರಿ ಅಂತ ಹೇಳು. ನಿನ್ನ ಬಾಯಿಲೆ ಹೇಳು.” ಹತ್ತು ಕಡೆ ಫೋನ್ ಎತ್ತಿದರು. ಹಾನಗಲ್ಲಿನದು ಐದು ಸಲ ಬಾರಿಸಿತು. ನಾವೆಲ್ಲ ಆ ರಿಂಗನ್ನು ಕೇಳುತ್ತ ನಿಂತೆವು. ಆರನೆಯ ಸಲ ಒಬ್ಬ ಎತ್ತಿ, “ಊಟಕ್ಕ ಕುಂತಿದ್ವಿ, ಯಾಕ್ರಿ?” ಎಂದಾಗ ಸಿರಾಜುದ್ದೀನ ಗೋಡೆ ಹಿಡಿದು ಕೆಳಗೆ ಕುಳಿತ.

ಜೀಪಿನ ತೆರೆದ ಬಾಗಿಲೊಳಗೆ ಹತ್ತಿದವನು ಸುಮನ್.

ವೇದವ್ಯಾಸರಾಯರು ಗಂಟಲು ಸರಿಮಾಡಿಕೊಂಡರು. “ಫರ್ಹತ, ಆದದ್ದು ಆತು. ಇನ್ನ ಮೇನ್ ಇಳಿಸದ ಯಾರನ್ನೂ ಇಳಸೂದಿಲ್ಲ. ನಾಳೆಯಿಂದ ಕೆಲಸಕ್ಕ ಬಾರವಾ.”

ಫರ್ಹತ ಅವರ ಮಾತು ಕೇಳಿಸಿಕೊಂಡಳೋ ಇಲ್ಲವೋ. ಅವಳು ಬಾಯಿಯವರನ್ನೇ ನೋಡುತ್ತಿದ್ದಳು.

“ಬಾಯಾರ, ಆ ಚೀಟಿ ಬರಿಸಿದ್ದು ನನ್ನ ಬೆರಳ ಅಲ್ಲೇನ್ರಿ?”

ಬಾಯಿಯವರು ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ.

“ಹೌದವಾ. ಫ್ಯಾನಿಗಂತ ಒತ್ತಿದಿ.”

“ಸ್ಕ್ರೂ ಬಂದ್ ಐತೋ ಇಲ್ಲೋ ಅಂತ ನಾ ನೋಡಲಿಲ್ಲಂದ್ರ?”

ಬಾಯಿಯವರು ಅವಳ ಕೈ ಹಿಡಿದುಕೊಂಡರು. “ಖಾನೆ ಖಾಲಿ ಇರ್ತಿತ್ತು, ಅಪ್ಪಣಿ ಯಾರಿಗೂ ಮುಟ್ಟತಿರಲಿಲ್ಲ,” ಎಂದರು.

ಫರ್ಹತ ಹೊರಗೆ ಹೋದಳು. ಕಿಟಕಿಯಿಂದ ಕಂಡಿತು. ಫ್ಯೂಜ್ ಇನ್ನೂ ನನ್ನ ಕಿಸೆಯಲ್ಲೇ ಇದ್ದವು, ಆದರೂ ಅವಳು ಕುಣಿಗೆ ಇಳಿದಾಗ ನಾನು ಅವುಗಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಟವೆಲ್ ಬಿಚ್ಚಿಕೊಂಡು ಮೇಲೆ ಬಂದಳು. ಆಫೀಸಿನ ಬಾಗಿಲಲ್ಲಿ ನಿಂತಿದ್ದ ಬಾನುಬಿಯ ಎದುರಿಗೆ ಬಂದು ಅದನ್ನು ನಾಲ್ಕು ಮಡಿಕೆ ಮಾಡಿ ಎರಡೂ ಕೈಯಿಂದ ಹಿಡಿದಳು. ಬಾನುಬಿ ತೆಗೆದುಕೊಂಡಳು. “ಬೇಟಿ,” ಅಂದಳು. ಟವೆಲನ್ನು ಎದೆಗೆ ಒತ್ತಿಕೊಂಡಳು.

ಹುಡುಗಿ ಗೇಟು ದಾಟಿ ಹಂಸಭಾವಿಯ ಕಡೆ ನಡೆದಳು. ಚಪ್ಪಲಿ ಆಫೀಸಿನ ಮೆಟ್ಟಿಲ ಹತ್ತಿರವೇ ಉಳಿದಿದ್ದವು. ನಾನು ಅವನ್ನು ಎತ್ತಿಕೊಂಡು ಓಡಹೊರಟೆ. ಬಾಯಿಯವರು ತೋಳು ಹಿಡಿದರು.

“ಬರ್ತಾಳ ಬಿಡ್ರಿ, ಚಪ್ಪಲ್ ಬಿಟ್ಟಾಳಲ್ಲ,” ಎಂದ ಸಿರಾಜುದ್ದೀನ.

ಐದು ಗಂಟೆಯ ತನಕ ಕಾದೆವು. ಅವಳು ಬರಲಿಲ್ಲ.